ನಮ್ಮಜ್ಜನಿಗೆ ಫಕೀರಪ್ಪ ಅಂತ ಯಾಕೆ ಹೆಸರಿಟ್ಟರು

ನಮ್ಮ ಮನೆಯಲ್ಲಿ ಎಲ್ಲರ ಕೊರಳಲ್ಲೂ ಲಿಂಗ. ಅಜ್ಜನ ಹೆಸರು ಮಾತ್ರ ಫಕೀರಪ್ಪ. ಉತ್ತರ ಕರ್ನಾಟಕದಲ್ಲಿ ಈ ಹೆಸರಿಗೆ ಯಾರೂ ತಲೆ ಎತ್ತಿ ನೋಡುವುದಿಲ್ಲ. ಗದಗ, ಹಾವೇರಿ ಕಡೆ ಊರಿಗೆ ನಾಲ್ಕು ಜನ ಫಕೀರಪ್ಪ, ಫಕೀರವ್ವ ಸಿಗುತ್ತಾರೆ. ಆದರೆ ತಮ್ಮನ ಮಗ ಒಂದು ದಿನ ಕೇಳಿದ, "ಇದು ನಮ್ಮವರ ಹೆಸರೇನಾ?" ಉತ್ತರ ಗೊತ್ತಿರಲಿಲ್ಲ. ಹುಡುಕಲು ಕೂತೆ.

ಮೊದಲು ಪದದ ಹಿಂದೆ ಹೋದೆ. ಅದು ಸುಲಭ. 'ಫಕ್ರ್' ಎಂದರೆ ಅರಬ್ಬಿಯಲ್ಲಿ ಬಡತನ. ಫಕೀರ ಎಂದರೆ ಏನೂ ಇಲ್ಲದವನು. ಸೂಫಿಗಳಿಗೆ ಇದು ದೊಡ್ಡ ಮಾತು: ದೇವರ ಮುಂದೆ ತನ್ನದು ಅನ್ನೋದು ಏನೂ ಇಲ್ಲದೆ ನಿಂತವನು. ವಿಜಾಪುರವನ್ನು 1490ರಿಂದ 1686ರವರೆಗೆ ಆಳಿದ ಆದಿಲ್‌ಶಾಹಿಗಳ ಕಾಲದಲ್ಲಿ ಪಾರ್ಸಿ (ಪರ್ಷಿಯನ್), ದಖನಿ ಉರ್ದು ಮಾತು ಈ ನೆಲದಲ್ಲಿ ಚೆನ್ನಾಗಿ ಬಳಕೆಯಲ್ಲಿತ್ತು. ಪದದ ಬಾಲಕ್ಕಿರುವ 'ಅಪ್ಪ' ಅಚ್ಚ ಕನ್ನಡ. ಇಷ್ಟಕ್ಕೇ ಕೆಲಸ ಮುಗಿಯಿತು ಅಂದುಕೊಂಡು, ನಮ್ಮ ಹಿರಿಯರು ಬೇರೆ ಧರ್ಮದಿಂದ ಬಂದವರಿರಬೇಕು ಅಂತ ಮನೆಯಲ್ಲಿ ಹೇಳಿಯೂಬಿಟ್ಟೆ. ಅದು ತಪ್ಪು. ಪದ ಎಲ್ಲಿಂದ ಬಂತು ಅನ್ನೋದು ಬೇರೆ, ಅದು ನಮ್ಮ ಮನೆಯೊಳಗೆ ಹೇಗೆ ಬಂತು ಅನ್ನೋದು ಬೇರೆ, ಅಲ್ವಾ?

ಆಮೇಲೆ ಕಾಗದ ಹುಡುಕಿದೆ. ಹೊಲದ ಉತಾರದಲ್ಲಿ 'ಫಕೀರಪ್ಪ', ಶಾಲೆಯ ದಾಖಲೆಯಲ್ಲಿ 'ಫಕ್ಕೀರಪ್ಪ', ಮತದಾರರ ಪಟ್ಟಿಯಲ್ಲಿ 'ಪಕೀರಪ್ಪ'. ಇಂಗ್ಲಿಷಿನಲ್ಲಿ ಒಂದು ಕಡೆ ಎಫ್, ಇನ್ನೊಂದು ಕಡೆ ಪಿ-ಎಚ್. ಒಂದೇ ಕಾಗುಣಿತ ಹಿಡಿದು ಹುಡುಕಿದ್ದರೆ ಅರ್ಧ ಕಾಗದ ಕೈತಪ್ಪುತ್ತಿತ್ತು. ನಮ್ಮ ಕಡೆ 1956ರವರೆಗೆ ಮುಂಬೈ ಆಡಳಿತ. ಹಳೆಯ ಒಂದು ಕಾಗದ, ಹಿಂದೆ ಮರಾಠಿ ಬರೆಯಲು ಬಳಸುತ್ತಿದ್ದ ಮೋಡಿ ಲಿಪಿಯಲ್ಲಿತ್ತು. ಓದಬಲ್ಲ ಹಿರಿಯರೊಬ್ಬರನ್ನು ಹುಡುಕಿಕೊಂಡು ಹೋಗಬೇಕಾಯಿತು. ಅದರಲ್ಲೂ ಒಬ್ಬ ಫಕೀರಪ್ಪ ಇದ್ದ. ನಮ್ಮಜ್ಜನ ಅಜ್ಜ. ನಮ್ಮಲ್ಲಿ ಅಜ್ಜನ ಹೆಸರು ಮೊಮ್ಮಗನಿಗೆ ಇಡುತ್ತಾರೆ, ಹಾಗಾಗಿ ಹೆಸರು ಒಂದು ತಲೆ ಬಿಟ್ಟು ಒಂದು ತಲೆಗೆ ಬರುತ್ತದೆ.

ಅದಕ್ಕೂ ಹಿಂದೆ? ಅದು ಸಿಕ್ಕಿದ್ದು ಹೆಳವರಿಂದ. ಮನೆತನದ ವಂಶ ಹೇಳುವುದೇ ಹೆಳವರ ಕಸುಬು. ಮೊದಲೆಲ್ಲ ಎತ್ತಿನ ಮೇಲೆ ಗಂಟೆ ಬಾರಿಸುತ್ತಾ ಬರುತ್ತಿದ್ದರು. ನಮ್ಮ ಮನೆಯ ಹೆಳವರು ಈಗ ಬೈಕಿನಲ್ಲಿ ಬರುತ್ತಾರೆ, ಕಂಕುಳಲ್ಲಿ ಬಟ್ಟೆ ಸುತ್ತಿದ ಪುಸ್ತಕ. ಸುಗ್ಗಿ ಮುಗಿದ ಮೇಲೆ ಬಂದರು. ಕಟ್ಟೆಯ ಮೇಲೆ ಕೂಡಿಸಿ ಚಹಾ ಕೊಟ್ಟು, ಮೊರದಲ್ಲಿ ಜೋಳ ತಂದಿಟ್ಟು, ಹಿಂದಿನಿಂದ ಹೇಳಿ ಅಂದೆ. ಕಲ್ಲಪ್ಪನ ಮಗ ಬಸಪ್ಪ, ಬಸಪ್ಪನ ಮಗ ಕಲ್ಲಪ್ಪ, ಮತ್ತೆ ಬಸಪ್ಪ. ಒಂದೇ ರಾಗದಲ್ಲಿ ಸಾಗಿತು. ಆಮೇಲೆ ಇದ್ದಕ್ಕಿದ್ದಂತೆ "ಬಸಪ್ಪನ ಮಗ ಫಕೀರಪ್ಪ".

ಅಲ್ಲೇ ನಿಲ್ಲಿಸಿದೆ. ಎರಡೇ ಹೆಸರು ಸರದಿಯಲ್ಲಿ ಬರುತ್ತಿದ್ದ ಮನೆಯಲ್ಲಿ ಕಲ್ಲಪ್ಪ ಬರಬೇಕಾದ ಕಡೆ ಫಕೀರಪ್ಪ ಬಂದಿದ್ದ. ಯಾಕೆ? ಹೆಳವರ ಪುಸ್ತಕದಲ್ಲಿ ಅದಿರಲಿಲ್ಲ. ಅಲ್ಲಿರುವುದು ಬದುಕಿ ಬಾಳಿದ ಗಂಡುಮಕ್ಕಳ ಹೆಸರು.

ಉತ್ತರ ಇದ್ದದ್ದು ಅಪ್ಪನ ಅಕ್ಕನ ಹತ್ತಿರ. ಮೊದಲೇ ಅವರನ್ನು ಕೇಳಬೇಕಿತ್ತು. ಅವಸರ ಮಾಡದೆ, ಅವರ ಜೊತೆ ಕಡಲೆ ಸುಲಿಯುತ್ತಾ ಕೇಳಿದೆ.

"ಅತ್ತಿ, ಕಲ್ಲಪ್ಪ ಅಂತ ಯಾಕ ಇಡ್ಲಿಲ್ಲ?"

"ಇಟ್ಟಿದ್ರಲ್ಲೋ ತಮ್ಮಾ. ಮೊದಲನೇ ಕೂಸು ಕಲ್ಲಪ್ಪನ. ಅದು ಹೋತು. ಎರಡನೇದಕ್ಕೂ ಅದ ಹೆಸರಿಟ್ರು, ಅದೂ ಹೋತು. ಮೂರನೇದು ಹೊಟ್ಯಾಗಿದ್ದಾಗ ಶಿರಹಟ್ಟಿಗೆ ಹೋಗಿ, ಇದು ನಿನ್ನ ಕೂಸಪಾ, ಉಳಿಸಿಕೊಡು ಅಂತ ಬೇಡ್ಕೊಂಡ್ರಂತ."

ಅವರಿಗೆ ಇದನ್ನು ಹೇಳಿದ್ದು ಅವರ ಅಜ್ಜಿ. ಆ ಅಜ್ಜಿಗೆ ಅವರ ಅತ್ತೆ. ಆ ಎರಡು ಕೂಸುಗಳು ಉತಾರದಲ್ಲಿಲ್ಲ, ಹೆಳವರ ಪುಸ್ತಕದಲ್ಲಿಲ್ಲ. ಸೊಸೆಯಿಂದ ಮೊಮ್ಮಗಳಿಗೆ ಬಾಯಿಂದ ಬಾಯಿಗೆ ಉಳಿದುಬಂದಿದ್ದವು. ಆವತ್ತು ಕಡಲೆ ಸುಲಿಯೋದು ಮುಂದುವರಿಸಲು ನನಗಾಗಲಿಲ್ಲ.

ಗದಗ ಜಿಲ್ಲೆಯ ಶಿರಹಟ್ಟಿಯಲ್ಲಿರುವುದು ಫಕೀರೇಶ್ವರ ಮಠ. ಹಿಂದೂ, ಮುಸ್ಲಿಂ ಇಬ್ಬರೂ ನಡೆದುಕೊಳ್ಳುವ ಮಠ. ಅದರ ಮೂಲ ಗುರು ಫಕೀರೇಶ್ವರರು ವಿಜಾಪುರದ ಸೂಫಿ ಸಂತ ಖಾಜಾ ಅಮೀನುದ್ದೀನರ ಆಶೀರ್ವಾದದಿಂದ, ಮಕ್ಕಳಿಲ್ಲದ ದಂಪತಿಗೆ ಹುಟ್ಟಿದವರು ಎಂದು ಭಕ್ತರು ಹೇಳುತ್ತಾರೆ. ಹುಟ್ಟಿದ ಕೂಸನ್ನು ಹೆತ್ತವರು ಸಂತರಿಗೇ ಒಪ್ಪಿಸಿದರಂತೆ. ಅಮೀನುದ್ದೀನರು ತೀರಿಕೊಂಡದ್ದು 1675ರಲ್ಲಿ. ಕೂಸಿಗಾಗಿ ಬೇಡಿಕೊಂಡವರು ತಮ್ಮ ಮಗನಿಗೆ ಆ ಹೆಸರನ್ನೇ ಯಾಕೆ ಇಟ್ಟರು ಅಂತ ಆಗ ತಿಳಿಯಿತು.

ಇನ್ನೊಂದು ಅನುಮಾನ ಉಳಿದಿತ್ತು. ನಮ್ಮ ಕಡೆ ಮೊಹರಂನಲ್ಲಿ ಹರಕೆ ಹೊತ್ತು, ಲಾಡಿ ಅನ್ನೋ ಹರಕೆಯ ದಾರ ಹಾಕಿಕೊಂಡು ಫಕೀರರಾಗುವ ಹಿಂದೂಗಳೂ ಇದ್ದಾರೆ. ಹೆಸರು ಅಲ್ಲಿಂದಲೂ ಬಂದಿರಬಹುದಲ್ಲ? ಅದಕ್ಕೆ ಮನೆಯ ನಡಾವಳಿ ನೋಡಿದೆ. ನಮ್ಮಲ್ಲಿ ಮೊಹರಂಗೆ ಫಕೀರರಾದವರು ಯಾರೂ ಇಲ್ಲ. ಆದರೆ ಮಕ್ಕಳ ಜವಳ ತೆಗೆಸುವುದು ಇವತ್ತಿಗೂ ಶಿರಹಟ್ಟಿಯಲ್ಲೇ. ಅತ್ತೆಯ ಮಾತಿಗೆ ಇದಕ್ಕಿಂತ ಗಟ್ಟಿ ಸಾಕ್ಷಿ ನನಗೆ ಬೇಕಿರಲಿಲ್ಲ.

ವಂಶಾವಳಿಯ ಹಾಳೆಯಲ್ಲಿ ಈಗ ಮೊದಲ ಫಕೀರಪ್ಪನ ಪಕ್ಕ, ಅವನಿಗಿಂತ ಮೇಲೆ, ಎರಡು ಸಲ 'ಕಲ್ಲಪ್ಪ' ಎಂದು ಬರೆಸಿದ್ದೇನೆ. ಅದನ್ನು ಬರೆಸಿದ್ದು ತಮ್ಮನ ಮಗನ ಕೈಯಲ್ಲಿ. ಹೆಳವರು ಮುಂದಿನ ಸಲ ಬಂದಾಗ ಅವರ ಪುಸ್ತಕದಲ್ಲೂ ಬರೆಸಬೇಕು.