ಜೀಪಿನ ತುಕ್ಕು, ಕಾಕಂಬಿ ಡ್ರಮ್ಮು ಮತ್ತು ಒಂದೂವರೆ ಲಕ್ಷ

ಕಳಸದ ಆಸುಪಾಸಿನಲ್ಲಿ ಜೀಪು ಯಾರಿಗೂ ಶೋಕಿಯ ವಸ್ತುವಲ್ಲ. ಮಳೆ ಹಿಡಿದ ಮೇಲೆ ತೋಟದ ದಾರಿಯಲ್ಲಿ ಗೊಬ್ಬರದ ಚೀಲವೂ ಅದರಲ್ಲೇ ಹತ್ತಬೇಕು, ಜ್ವರ ಬಂದವರೂ ಅದರಲ್ಲೇ ಇಳಿಯಬೇಕು. ಹೊಸ ಥಾರ್‌ನ ಬೆಲೆ ಕೇಳಿ ಸುಮ್ಮನಾದ ಮೇಲೆ ನಾನು ಹಳೆಯ ಮಹೀಂದ್ರಾ ಎಂಎಂ 540 ಹುಡುಕಲು ಹೊರಟೆ. ಗಾಡಿಗೆ ಒಂದು ಲಕ್ಷ, ರಿಪೇರಿಗೆ ಒಂದೂವರೆ ಲಕ್ಷ, ಅದಕ್ಕಿಂತ ಹೆಚ್ಚಿಗೆ ಒಂದು ರೂಪಾಯಿಯೂ ಸಾಲ ಮಾಡುವುದಿಲ್ಲ ಎಂದು ಮನೆಯಲ್ಲಿ ಮಾತು ಕೊಟ್ಟಾಗಿತ್ತು.

540ನೇ ಯಾಕೆ ಎಂದು ಕೇಳುವವರಿದ್ದಾರೆ. ಅದಕ್ಕಿಂತ ಹಳೆಯ ಸಿಜೆ 3ಬಿ ನೋಡಲು ಚೆಂದ, ಆದರೆ 80 ಇಂಚಿನ ವೀಲ್‌ಬೇಸ್‌ನಲ್ಲಿ (ಮುಂದಿನ, ಹಿಂದಿನ ಚಕ್ರಗಳ ನಡುವಿನ ಅಂತರ) ಹಿಂದೆ ನಾಲ್ಕು ಚೀಲ ಇಟ್ಟರೆ ಮುಗಿಯಿತು. ಅದರ ಮೇಲೆ 2.2 ಲೀಟರ್ ಪೆಟ್ರೋಲ್ ಎಂಜಿನ್ ಬೇರೆ. ಸ್ನೇಹಿತರೊಬ್ಬರು ಜೋಂಗಾ ತಗೋ ಎಂದರು. ಜಬಲ್ಪುರದ ಕಾರ್ಖಾನೆಯಲ್ಲಿ ಸೇನೆಗೆಂದು ತಯಾರಾದ ಆ ಗಾಡಿಯ ಗತ್ತೇ ಬೇರೆ, ಒಪ್ಪುತ್ತೇನೆ. ಆದರೆ ಸುಮಾರು ನಾಲ್ಕು ಲೀಟರಿನ ಪೆಟ್ರೋಲ್ ಎಂಜಿನ್ ಸಾಕುವ ಯೋಗ್ಯತೆ ನನ್ನ ಕಾಫಿಗಿಲ್ಲ. 540ರಲ್ಲಿ 91 ಇಂಚಿನ ವೀಲ್‌ಬೇಸ್ ಇದೆ, ಪ್ಯೂಜೋದ ಎಕ್ಸ್‌ಡಿಪಿ 4.90 ಡೀಸೆಲ್ ಇದೆ. 2112 ಸಿಸಿಯ ಈ ಎಂಜಿನ್ನನ್ನು ಬಿಚ್ಚಿ ಜೋಡಿಸಬಲ್ಲ ಮೇಸ್ತ್ರಿ ಮಲೆನಾಡಿನ ಯಾವ ಪೇಟೆಯಲ್ಲಾದರೂ ಒಬ್ಬ ಸಿಗುತ್ತಾನೆ. ಬಜೆಟ್ ಕಡಿಮೆ ಇದ್ದವನಿಗೆ ಇದೇ ಮುಖ್ಯ. ಅಪರೂಪದ ಗಾಡಿಯ ಸ್ಪೇರ್ ಕೂಡ ಅಪರೂಪವೇ.

ನೋಡಲು ಹೋಗುವಾಗ ಸುತ್ತಿಗೆ, ಉದ್ದನೆಯ ಸ್ಕ್ರೂಡ್ರೈವರ್, ಒಂದು ಗೋಣಿಚೀಲ ಒಯ್ಯುತ್ತಿದ್ದೆ. ಗೋಣಿಚೀಲ ಗಾಡಿಯಡಿ ಮಲಗಲಿಕ್ಕೆ. ಮೇಲಿನ ಬಣ್ಣ, ಕ್ರೋಮ್ ಬಂಪರ್, ಅಲಾಯ್ ವೀಲು ಇವನ್ನೆಲ್ಲ ನೋಡುವುದೇ ಬೇಡ. ಚಾಸಿಯ, ಅಂದರೆ ಗಾಡಿಯಡಿಯ ಕಬ್ಬಿಣದ ಚೌಕಟ್ಟಿನ ಉದ್ದಕ್ಕೂ ಸುತ್ತಿಗೆಯಿಂದ ಮೆಲ್ಲಗೆ ಬಡಿಯುತ್ತಾ ಹೋದರೆ ಗಟ್ಟಿ ಇದ್ದಲ್ಲಿ ಟಣ್ ಎನ್ನುತ್ತದೆ, ಒಳಗೆ ಪದರ ಬಿಟ್ಟಲ್ಲಿ ಸದ್ದು ಸತ್ತಿರುತ್ತದೆ. ಅಲ್ಲಿ ಸ್ಕ್ರೂಡ್ರೈವರ್ ಒತ್ತಿ ನೋಡಬೇಕು. ಗಾಡಿಯಡಿ ಹೊಸದಾಗಿ ಕಪ್ಪು ಡಾಂಬರು ಬಣ್ಣ ಬಳಿದು ಮಿಂಚಿಸಿದ್ದರೆ ನಾನು ಮಾತು ಮುಂದುವರಿಸುತ್ತಿರಲಿಲ್ಲ. ತುಕ್ಕಿನ ಮೇಲೆ ಬಳಿದ ಡಾಂಬರು ನೀರನ್ನು ಹೊರಗಿಡುವುದಿಲ್ಲ, ಒಳಗೇ ಕೂಡಿಹಾಕುತ್ತದೆ. ನಮಗೆ ಬೇಕಾದದ್ದು ಪ್ರಾಮಾಣಿಕವಾಗಿ ತುಕ್ಕು ತೋರಿಸುವ ಗಾಡಿ.

ಕಬ್ಬಿಣಕ್ಕಿಂತ ಮೊದಲು ಕಾಗದ ನೋಡಬೇಕು. ಹಳೆಯ ಜೀಪುಗಳಲ್ಲಿ ಮಿಲಿಟರಿ ಹರಾಜಿನದು, ಎರಡು ಗಾಡಿ ಸೇರಿಸಿ ಒಂದು ಮಾಡಿದ್ದು, ಆರ್‌ಸಿ ಒಂದು ಗಾಡಿಯದು ಚಾಸಿ ಇನ್ನೊಂದರದು, ಹೀಗೆ ಎಲ್ಲ ಜಾತಿಯವೂ ಇವೆ. ಚಾಸಿ ನಂಬರಿನ ಜಾಗವನ್ನು ವೈರ್ ಬ್ರಷ್‌ನಿಂದ ಉಜ್ಜಿ, ಕಾಗದ ಇಟ್ಟು ಪೆನ್ಸಿಲ್ ತಿಕ್ಕಿ ಅಚ್ಚು ತೆಗೆದು ಆರ್‌ಸಿಯೊಂದಿಗೆ ಅಕ್ಷರ ಅಕ್ಷರ ಹೋಲಿಸಿ ನೋಡಬೇಕು. ಎಂಜಿನ್ ನಂಬರಿಗೂ ಇದೇ ಕ್ರಮ. ಬೇರೆ ಎಂಜಿನ್ ಕೂರಿಸಿದ್ದು ಆರ್‌ಸಿಯಲ್ಲಿ ದಾಖಲಾಗಿರದಿದ್ದರೆ ಎಷ್ಟು ಅಗ್ಗಕ್ಕೆ ಕೊಟ್ಟರೂ ಬೇಡ. ಕೊನೆಗೆ ಮೂಡಿಗೆರೆ ಕಡೆಯ ಒಂದು ಎಸ್ಟೇಟಿನ ಶೆಡ್ಡಿನಲ್ಲಿ ನನಗೆ ಸಿಕ್ಕಿದ್ದು 1991ರ ಗಾಡಿ. ನಂಬರು ಸರಿ, ಎಂಜಿನ್ ಮೂಲದ್ದೇ, ಆರ್‌ಸಿ ಅವಧಿ ಮಾತ್ರ ಮುಗಿದಿತ್ತು. ಡ್ರೈವರ್ ಕಾಲಿಡುವ ಜಾಗದಲ್ಲಿ ನೆಲ ಕಾಣುತ್ತಿತ್ತು. ಒಂದು ಲಕ್ಷಕ್ಕೆ ಸ್ವಲ್ಪ ಕಡಿಮೆಗೆ ಮುಗಿಯಿತು.

ಮನೆಗೆ ಎಳೆದು ತಂದ ಕೂಡಲೇ ಎಲ್ಲರೂ ಕೇಳಿದ ಪ್ರಶ್ನೆ ಯಾವ ಬಣ್ಣ ಹೊಡೆಸುತ್ತೀರಿ ಎಂದು. ಬಣ್ಣಕ್ಕೆ ನಾನು ತೆಗೆದಿಟ್ಟದ್ದು ಒಟ್ಟು ಹಣದ ಹತ್ತನೇ ಒಂದು ಪಾಲೂ ಅಲ್ಲ. ನನ್ನ ಲೆಕ್ಕ ಸರಳ: ನೀರು ಎಲ್ಲಿ ನಿಲ್ಲುತ್ತದೋ ದುಡ್ಡು ಮೊದಲು ಅಲ್ಲಿಗೆ ಹೋಗಬೇಕು, ಆಮೇಲೆ ಬ್ರೇಕಿಗೆ, ಮಿಕ್ಕರೆ ಕಣ್ಣಿಗೆ ಕಾಣುವ ಜಾಗಕ್ಕೆ. ಜೀಪಿನಲ್ಲಿ ನೀರು ನಿಲ್ಲುವ ಜಾಗಗಳು ನಿಗದಿಯಾಗಿವೆ. ಫ್ಲೋರಿನ ತಗಡಿಗೆ ಕೆಳಗಿನಿಂದ ಅಡ್ಡಡ್ಡ ಚಾನೆಲ್ ಕೊಟ್ಟಿರುತ್ತಾರಲ್ಲ, ಅದರೊಳಗೆ ಕೆಸರು ತುಂಬಿ ಮಳೆಗಾಲವಿಡೀ ಒದ್ದೆಯಾಗಿ ಕೂರುತ್ತದೆ. ಸೀಟಿನಡಿಯ ಟೂಲ್‌ಬಾಕ್ಸ್ ಇನ್ನೊಂದು. ಬಾಡಿ ಚಾಸಿಯ ಮೇಲೆ ಕೂರುವಲ್ಲಿರುವ ರಬ್ಬರ್ ಪ್ಯಾಡಿನ ಅಡಿ ಮತ್ತೊಂದು. ಚಾಸಿಯ ಹಿಂದಿನ ಅಡ್ಡಪಟ್ಟಿ (ಕ್ರಾಸ್ ಮೆಂಬರ್) ಹಾಗೂ ಹಿಂದಿನ ಪಾಟಾ (ಪಟ್ಟಿ ಸ್ಪ್ರಿಂಗ್) ನೇತಾಡುವ ಹ್ಯಾಂಗರ್ ಬುಡ ಎಲ್ಲಕ್ಕಿಂತ ಅಪಾಯದ್ದು. ನನ್ನ ಗಾಡಿಯಲ್ಲಿ ಬಲಗಡೆ ಹ್ಯಾಂಗರ್ ಬಳಿ ಚಾಸಿಯನ್ನು ಬೆರಳಿನಿಂದ ಒತ್ತಿದರೆ ಒಣಗಿದ ತುಕ್ಕು ಹಪ್ಪಳದಂತೆ ಪದರ ಪದರವಾಗಿ ಕಳಚಿ ಕೈಗೆ ಬರುತ್ತಿತ್ತು.

ಬಾಡಿ ಎತ್ತುವುದು ಭಯ ಪಡುವಂಥದ್ದೇನಲ್ಲ. ಸ್ಟಿಯರಿಂಗ್, ಪೆಡಲ್, ವೈರಿಂಗ್, ಪೈಪು ಬಿಡಿಸಿದ ಮೇಲೆ ಬೋಲ್ಟುಗಳೇ ಉಳಿಯುವುದು. ಅವು ತಿರುಗುವುದಿಲ್ಲ, ಗ್ರೈಂಡರಿನಲ್ಲಿ ಕತ್ತರಿಸಬೇಕು. ಅಡಿಕೆ ಕೊಯ್ಲಿಗೆ ಬಂದ ಹುಡುಗರು ಆರು ಜನ ಸೇರಿ ಬಾಡಿ ಎತ್ತಿ ಪಕ್ಕಕ್ಕಿಟ್ಟರು. ಕತ್ತರಿಸುವ ಮುನ್ನ ಚಾಸಿಯ ಎರಡೂ ಮೂಲೆಗೆರೆಗಳನ್ನು ಟೇಪಿನಲ್ಲಿ ಅಳೆದು ಗೋಡೆಯ ಮೇಲೆ ಬರೆದಿಟ್ಟೆ. ಈ ಎರಡು ಅಳತೆ ಕೊನೆಗೂ ಒಂದೇ ಇರಬೇಕು, ಇಲ್ಲವಾದರೆ ಗಾಡಿ ಬದುಕಿಡೀ ಏಡಿ ನಡಿಗೆ.

ಚಾಸಿ ವೆಲ್ಡಿಂಗಿಗೆ ಮಾತ್ರ ನಾನು ಕೈ ಹಾಕಲಿಲ್ಲ. ಲಾರಿ ಚಾಸಿ ಕೆಲಸ ಮಾಡಿ ಪಳಗಿದ ವೆಲ್ಡರ್ ಒಬ್ಬರನ್ನು ಕರೆಸಿದೆ. ಕೊಳೆತದ್ದರ ಮೇಲೆ ಪ್ಯಾಚ್ ಹಾಕುವುದು ಎಲ್ಲ ಕಡೆ ನಡೆಯುವ ರೂಢಿ, ಆದರೆ ತುಕ್ಕಿಗೆ ವೆಲ್ಡಿಂಗ್ ಹಿಡಿಯುವುದಿಲ್ಲ. ಗಟ್ಟಿ ಕಬ್ಬಿಣ ಸಿಗುವ ತನಕ ಕತ್ತರಿಸಿ ತೆಗೆದು, ಅಷ್ಟೇ ದಪ್ಪದ ಹೊಸ ತುಂಡು ಕೂರಿಸಿ, ಹೊರಗಿನಿಂದ ವಜ್ರಾಕಾರದ ಪ್ಲೇಟ್ ಕೊಟ್ಟೆವು. ಆ ಆಕಾರಕ್ಕೆ ಕಾರಣವಿದೆ. ಚೌಕದ ಪ್ಲೇಟಿಗೆ ನೆಟ್ಟಗೆ ಮೇಲಿನಿಂದ ಕೆಳಕ್ಕೆ ವೆಲ್ಡ್ ಎಳೆದರೆ ಭಾರವೆಲ್ಲ ಆ ಒಂದು ಗೆರೆಯ ಮೇಲೆ ಬಿದ್ದು ಚಾಸಿ ಅಲ್ಲೇ ಬಿರಿಯುತ್ತದೆ. ಓರೆಯಾದ ಗೆರೆಯಲ್ಲಿ ಅದೇ ಭಾರ ಹಂಚಿಹೋಗುತ್ತದೆ. ವೆಲ್ಡಿಂಗಿಗೆ ಮೊದಲು ಬ್ಯಾಟರಿ ಮತ್ತು ಆಲ್ಟರ್ನೇಟರ್ ತಂತಿ ಬಿಡಿಸಿ, ಡೀಸೆಲ್ ಟ್ಯಾಂಕ್ ಅಂಗಳದಾಚೆ ಇಟ್ಟಿದ್ದೆ. ಈ ಹಂತಕ್ಕೆ ಹದಿನೆಂಟು ಸಾವಿರ ಹೋಯಿತು. ಚೌಕಾಸಿ ಮಾಡಲಿಲ್ಲ.

ಇನ್ನು ಕಾಕಂಬಿ, ಅಂದರೆ ಸಕ್ಕರೆ ಕಾರ್ಖಾನೆಯಲ್ಲಿ ಉಳಿಯುವ ಕಪ್ಪು ಪಾಕ. ಬ್ರಾಕೆಟ್ಟು, ಪೆಡಲ್ಲು, ಬಾನೆಟ್ ಕ್ಲಾಂಪು, ವಿಂಡ್‌ಶೀಲ್ಡ್ ಕೀಲು, ಬ್ರೇಕಿನ ಹಿಂದಿನ ತಟ್ಟೆ, ಬೋಲ್ಟು, ಹೀಗೆ ಸಣ್ಣ ಸಾಮಾನಿನ ರಾಶಿಯೇ ಇತ್ತು. ಸ್ಯಾಂಡ್ ಬ್ಲಾಸ್ಟಿಂಗ್ ಮಾಡಿಸಲು ಚಿಕ್ಕಮಗಳೂರಿಗೆ ಸಾಗಿಸಬೇಕು, ಖರ್ಚು ಬೇರೆ. ದನದ ತಿಂಡಿಗೆ ಬೆರೆಸುವ ಕಾಕಂಬಿ ತಂದು ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಒಂದು ಪಾಲಿಗೆ ಒಂಬತ್ತು ಪಾಲು ನೀರು ಬೆರೆಸಿ ಸಾಮಾನೆಲ್ಲ ಮುಳುಗಿಸಿಟ್ಟೆ. ಕೆಲವೇ ದಿನಗಳಲ್ಲಿ ಮೇಲೆ ಕಂದು ನೊರೆ ಕಟ್ಟಿ, ಹುಳಿ ಬಂದ ಕಳ್ಳಿನ ವಾಸನೆ ಕೊಟ್ಟಿಗೆಯ ತನಕ ಹರಡಿತು. ಮುಚ್ಚಳ ಬೇಕೇ ಬೇಕು, ಇಲ್ಲದಿದ್ದರೆ ನೊಣದ ಸಂತೆ. ವಾರ ಎರಡು ವಾರ ಬಿಟ್ಟು ಎತ್ತಿ ನೀರು ಹಾಯಿಸಿ ತೆಂಗಿನ ನಾರಿನಿಂದ ತಿಕ್ಕಿದರೆ ಬೂದು ಬಣ್ಣದ ಬರಿಯ ಕಬ್ಬಿಣ. ಕ್ಲಚ್ ಪೆಡಲಿನ ಮೇಲೆ ತುಕ್ಕಿನಡಿ ಮುಚ್ಚಿಹೋಗಿದ್ದ ಪಾರ್ಟ್ ನಂಬರು ಓದುವಂತೆ ಎದ್ದು ಬಂತು. ಕಾಕಂಬಿ ತುಕ್ಕನ್ನು ತಿನ್ನುತ್ತದೆ, ಕಬ್ಬಿಣವನ್ನು ಬಹುಮಟ್ಟಿಗೆ ಬಿಡುತ್ತದೆ. ಆದರೆ ಅಲ್ಯೂಮಿನಿಯಂ, ಸತುವಿನ ಸಾಮಾನು ಹಾಕಿದರೆ ಅವೂ ಕರಗುತ್ತವೆ, ಹುಷಾರು. ಎತ್ತಿದ ಮೇಲೆ ನಮ್ಮ ತೇವದ ಗಾಳಿಯಲ್ಲಿ ಕೈ ತೊಳೆದು ಬರುವಷ್ಟರಲ್ಲಿ ಮತ್ತೆ ಕೆಂಪು ಹಾಯುತ್ತದೆ. ಒಲೆಯ ಬಳಿ ಒಣಗಿಸಿ ಆಗಲೇ ಪ್ರೈಮರ್ ಬಳಿಯಬೇಕು.

ಪ್ರೈಮರ್ ವಿಷಯದಲ್ಲಿ ನಾನು ಹಟ ಮಾಡಿದೆ. ಅಂಗಡಿಯಲ್ಲಿ ಸಿಗುವ ರೆಡ್ ಆಕ್ಸೈಡ್ ಅಗ್ಗ, ಆದರೆ ಅದಕ್ಕೆ ಸೂಕ್ಷ್ಮ ರಂಧ್ರಗಳಿವೆ, ಮೇಲೆ ಬಣ್ಣ ಬೀಳದೆ ಒಂದು ಮಳೆ ಕಂಡರೆ ಅಡಿಯಿಂದಲೇ ತುಕ್ಕು. ಎರಡು ಡಬ್ಬಿ ಬೆರೆಸುವ ಎಪಾಕ್ಸಿ ಪ್ರೈಮರ್ ದುಬಾರಿ, ಆದರೂ ಚಾಸಿಗೆ, ಫ್ಲೋರಿನ ಎರಡೂ ಮಗ್ಗುಲಿಗೆ ಅದನ್ನೇ ಬಳಿದೆ. ಮೇಲಿನ ಬಣ್ಣಕ್ಕೆ ಸಾಧಾರಣ ಎನಾಮೆಲ್, ಆರ್‌ಸಿಯಲ್ಲಿದ್ದ ಬಿಳಿಯೇ. ಬಣ್ಣ ಬದಲಿಸಿದರೆ ಆರ್‌ಸಿಯಲ್ಲೂ ಬದಲಿಸಬೇಕು, ಅದೊಂದು ಅಲೆದಾಟ.

ತಗಡಿನ ಕೆಲಸದಲ್ಲಿ ಪಂಜಾಬ್ ಕಡೆಯಿಂದ ಹೊಸ ಬಾಡಿಯನ್ನೇ ತರಿಸಿಬಿಡಿ ಎಂಬ ಸಲಹೆ ಬಂತು. ಪಂಜಾಬ್ ಗಡಿಗೆ ತಾಗಿದ ಹರಿಯಾಣದ ಮಂಡಿ ಡಬ್ವಾಲಿಯಲ್ಲಿ ಜೀಪು ಕಟ್ಟುವುದೇ ಒಂದು ಕಸುಬು, ನಿಜ. ಆದರೆ ಸಾಗಣೆ ಸೇರಿಸಿದರೆ ನನ್ನ ಇಡೀ ಬಜೆಟ್ ಅಲ್ಲೇ ಖಾಲಿ. ಬದಲಿಗೆ 16 ಗೇಜಿನ ತಗಡು ತಂದು ಫ್ಲೋರು, ಟೂಲ್‌ಬಾಕ್ಸ್, ಹಿಂದಿನ ಎರಡು ಮೂಲೆ ಇಷ್ಟನ್ನೇ ಹೊಸದು ಮಾಡಿದೆವು. 18 ಗೇಜು ಇನ್ನೂ ತೆಳು, ಬಗ್ಗಿಸಲು ಸುಲಭ, ಚೀಲ ಹೊರುವ ಫ್ಲೋರಿಗೆ ಸಾಲದು. ರಟ್ಟಿನಲ್ಲಿ ಅಚ್ಚು ಕತ್ತರಿಸಿ, ತಗಡಿಗೆ ಗೆರೆ ಹಾಕಿ, ಕತ್ತರಿಸುವುದು ನನ್ನ ಪಾಲು, ಬೆಸುಗೆ ಟಿಂಕರ್ ಅವರದು. ತೆಳು ತಗಡಿಗೆ ಒಂದೇ ಸಮನೆ ಬೆಸುಗೆ ಎಳೆದರೆ ಬಿಸಿಗೆ ಸುಕ್ಕಾಗುತ್ತದೆ. ಇಲ್ಲೊಂದು ಚುಕ್ಕೆ, ಒಂದು ಗೇಣು ಆಚೆ ಇನ್ನೊಂದು, ಮತ್ತೆ ಎದುರು ಬದಿಗೆ ಹೋಗಿ ಮತ್ತೊಂದು, ತಣಿಯಲು ಬಿಟ್ಟು ಆಮೇಲೆ ನಡುವೆ ತುಂಬುವುದು. ಬೇಸರದ ಕೆಲಸ. ಸಂದುಗಳಿಗೆ ಸೀಲರ್ ಹಚ್ಚಿದೆ. ಅಡ್ಡ ಚಾನೆಲ್‌ಗಳ ತುದಿಯಲ್ಲಿ ಮಾತ್ರ ಬೇಕೆಂದೇ ತೂತು ಬಿಟ್ಟೆ, ಪೈಪಿನಲ್ಲಿ ನೀರು ಹೊಡೆದರೆ ಕೆಸರು ಹೊರಗೆ ಹರಿದು ಹೋಗಲಿ ಎಂದು.

ನಮ್ಮಲ್ಲಿ ಹಳೆ ಎಂಜಿನ್ ಆಯಿಲ್ಲನ್ನು ಗಾಡಿಯಡಿ ಎರಚುವ ಪದ್ಧತಿ ಇದೆ. ಕಬ್ಬಿಣಕ್ಕೆ ಅದು ಒಳ್ಳೆಯದೇ, ರಬ್ಬರ್ ಬುಷ್ಷಿಗೆ, ಬ್ರೇಕ್ ಹೋಸಿಗೆ ವಿಷ. ಚಾಸಿಯೊಳಗೆ ಕ್ಯಾವಿಟಿ ವ್ಯಾಕ್ಸ್ (ಟೊಳ್ಳು ಜಾಗಕ್ಕೆ ಹಾಕುವ ಮೇಣ) ಸಿಂಪಡಿಸಿದೆ, ಹೊರಗೆ ಏನೂ ಎರಚಲಿಲ್ಲ.

ಬ್ರೇಕು ಪೂರ್ತಿ ಹೊಸದು: ನಾಲ್ಕೂ ಡ್ರಮ್ಮಿನ ವೀಲ್ ಸಿಲಿಂಡರ್, ಹೋಸು, ಪೈಪು, ಮಾಸ್ಟರ್ ಕಿಟ್. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ, ವರ್ಷಗಟ್ಟಲೆ ನಿಂತ ಗಾಡಿಯಲ್ಲಿ ಸಿಲಿಂಡರ್ ಒಳಗಿನಿಂದ ಕೊರೆದಿರುತ್ತದೆ. ಉಜ್ಜಿ ಹಾಕೋಣ ಎಂದ ಮೆಕ್ಯಾನಿಕ್ಕಿಗೆ, ಕೆಮ್ಮಣ್ಣುಗುಂಡಿ ಇಳಿಜಾರಿನಲ್ಲಿ ನೀವೇ ಓಡಿಸಿ ತೋರಿಸಿ ಎಂದೆ. ಮಾತು ಅಲ್ಲಿಗೆ ನಿಂತಿತು.

ಎಂಜಿನ್ನಿಗೆ ನಾನು ಸ್ಪ್ಯಾನರ್ ಮುಟ್ಟಿಸಿದ್ದು ಕಡಿಮೆ. ಓಡುತ್ತಿರುವಾಗ ಆಯಿಲ್ ಮುಚ್ಚಳ ತೆಗೆದು ನೋಡಿದರೆ ಹೊಗೆ ಬುಸುಗುಡುತ್ತಿರಲಿಲ್ಲ, ಪಿಸ್ಟನ್ ರಿಂಗು ಬದುಕಿವೆ ಎಂದಾಯಿತು. ಡೀಸೆಲ್ ಸಿಂಪಡಿಸುವ ನಾಝಲ್‌ಗಳ ಟೆಸ್ಟ್, ಹೊಸ ಹೀಟರ್ ಪ್ಲಗ್, ಫಿಲ್ಟರು, ರೇಡಿಯೇಟರ್ ಸ್ವಚ್ಛ, ಮುಗಿಯಿತು. ಹಣ ಕಡಿಮೆ ಇರುವಾಗ ಓಡುವ ಎಂಜಿನ್ ಬಿಚ್ಚುವುದು ಮೈಮೇಲೆ ಇರುವೆ ಬಿಟ್ಟುಕೊಂಡ ಹಾಗೆ. ಮುಂದಿನ ಆಕ್ಸಲ್ ಹೌಸಿಂಗಿನ ತುದಿಯಲ್ಲಿ ಚಕ್ರ ಎಡಬಲ ತಿರುಗಲು ಇರುವ ಎರಡೂ ಗುಂಡುಗಳ ಸೀಲು, ಕಿಂಗ್‌ಪಿನ್ ಬೇರಿಂಗು, ಪಾಟಾದ ಬುಷ್ಷು ಹೊಸದಾದವು. ಗುಂಡಿನ ಮೇಲೆ ತುಕ್ಕಿನ ಗುಳಿ ಇದ್ದರೆ ಹೊಸ ಸೀಲೂ ಬೇಗ ಹರಿಯುತ್ತದೆ. ಸಣ್ಣ ಗುಳಿಗಳನ್ನು ಎಪಾಕ್ಸಿ ತುಂಬಿ ನಯವಾದ ಪೇಪರಿನಲ್ಲಿ ಉಜ್ಜಿ ಮಟ್ಟ ಮಾಡಿದೆ.

ಆರ್‌ಸಿ ನವೀಕರಣಕ್ಕೆ ನಾನು ಹೋದಾಗ ಶುಲ್ಕ ರೂ. 5,000 ಇತ್ತು. 2022ರ ಏಪ್ರಿಲ್‌ಗೆ ಮೊದಲು ಇದು ರೂ. 600 ಇದ್ದದ್ದು. 20 ವರ್ಷ ದಾಟಿದ ಕಾರು, ಜೀಪುಗಳಿಗೆ 2025ರಲ್ಲಿ ಇದನ್ನು ರೂ. 10,000 ಮಾಡಿದ್ದಾರೆ. ತಡವಾದ ತಿಂಗಳುಗಳ ದಂಡ, ಹಸಿರು ತೆರಿಗೆ, ವಿಮೆ ಬೇರೆ. ಹಳೆ ಗಾಡಿ ಕೊಳ್ಳುವವರು ಈ ಮೊತ್ತವನ್ನು ಗಾಡಿಯ ಬೆಲೆಗೇ ಸೇರಿಸಿ ಚೌಕಾಸಿ ಮಾಡಬೇಕು. ನವೀಕರಣ ಸಿಗುವುದು ಐದು ವರ್ಷಕ್ಕೆ.

ಟೈರು, ಕ್ಯಾನ್ವಾಸ್ ಹುಡ್ಡು ಸೇರಿ ಖರ್ಚು ಒಂದೂವರೆ ಲಕ್ಷದ ಗೆರೆಯನ್ನು ತುಸು ದಾಟಿತು. ಅದನ್ನು ತುಂಬಲು ಗಾಡಿಯ ಜೊತೆ ಬಂದಿದ್ದ ಅಲಾಯ್ ವೀಲುಗಳನ್ನು ಮಾರಿ, 16 ಇಂಚಿನ ಹಳೆಯ ಕಬ್ಬಿಣದ ರಿಮ್ಮುಗಳನ್ನು ಗುಜರಿಯಿಂದ ತಂದು ಕಾಕಂಬಿಗೆ ಹಾಕಿದೆ. ಮೊದಲ ಮಳೆಗಾಲದಲ್ಲಿ ಲೋ ಗೇರಿನಲ್ಲಿ ತೋಟದ ಏರು ಹತ್ತುವಾಗ ಆ್ಯಕ್ಸಿಲರೇಟರ್ ಮುಟ್ಟಬೇಕಾಗಿಯೇ ಬರಲಿಲ್ಲ, ಕ್ಲಚ್ ಬಿಟ್ಟರೆ ತಾನೇ ಹತ್ತಿತು. ಮುಂದಿನ, ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಫೋರ್‌ವೀಲ್ ಕೇಸಿನ ಇಂಟರ್‌ಮೀಡಿಯೆಟ್ ಶಾಫ್ಟಿನ ಬಳಿ ಮಾತ್ರ ಇನ್ನೂ ಆಯಿಲ್ ಹನಿಯುತ್ತದೆ. ಈ ಕೇಸಿನಲ್ಲಿ ಶಾಫ್ಟ್ ಕೂರುವ ತೂತು ಸವೆಯುವುದು ಹಳೆಯ ಕಾಯಿಲೆ, ಲೇತಿನಲ್ಲಿ ಬುಷ್ ಹಾಕಿಸಬೇಕು. ಕಾಫಿ ಮಾರಿದ ದುಡ್ಡು ಬರುವ ತನಕ ಕೆಳಗೊಂದು ತಗಡಿನ ಡಬ್ಬ ಇಟ್ಟು, ಮಟ್ಟ ನೋಡಿ ಆಯಿಲ್ ತುಂಬುತ್ತಿದ್ದೇನೆ.