ಲ್ಯಾನ್ ಕೇಬಲ್ ಹಾಕಿದ್ರೂ ನೆಟ್ ಬರ್ತಿಲ್ವಾ? ಮೊದ್ಲು ಲೈಟ್ ನೋಡಿ

ನೆಟ್ ಹೋದ ತಕ್ಷಣ ತುಂಬಾ ಜನ ಸೆಟ್ಟಿಂಗ್ಸ್ ಒಳಗೆ ಕೈ ಹಾಕ್ತಾರೆ, ದಯವಿಟ್ಟು ಬೇಡ, ಮೊದ್ಲು ಕಂಪ್ಯೂಟರ್ ಹಿಂದೆ ಬಗ್ಗಿ ಕೇಬಲ್ ಸಿಕ್ಕಿಸಿರೋ ಜಾಗದಲ್ಲಿ ಪುಟ್ಟ ಲೈಟ್ ಉರೀತಿದ್ಯಾ ನೋಡಿ. ಉರೀತಿಲ್ಲ ಅಂದ್ರೆ ಹೆಚ್ಚಾಗಿ ತೊಂದ್ರೆ ಕೇಬಲ್‌ದೋ ಪೋರ್ಟ್‌ದೋ (ಕೇಬಲ್ ಸಿಕ್ಕಿಸೋ ತೂತು) ಆಗಿರುತ್ತೆ. ಪ್ಲಗ್ ಕಿತ್ತು ಮತ್ತೆ ಒತ್ತಿ, ಟಕ್ ಅಂತ ಸದ್ದು ಬರ್ಬೇಕು. ಬರ್ಲಿಲ್ವಾ, ಪ್ಲಗ್ ಮೇಲಿನ ಪ್ಲಾಸ್ಟಿಕ್ ನಾಲಿಗೆ ಮುರಿದಿದ್ಯಾ ನೋಡಿ. ನಮ್ಮನೇಲಿ ಇದೇ ಆಗಿತ್ತು, ನೋಡೋಕೆ ಸರಿಯಾಗೇ ಕೂತಿದೆ ಅನ್ಸೋದು, ಆದ್ರೆ ಟೇಬಲ್ ಸ್ವಲ್ಪ ಅಲ್ಲಾಡಿದ್ರೂ ಕೇಬಲ್ ಕೂದಲೆಳೆಯಷ್ಟು ಹಿಂದೆ ಸರಿದು ನೆಟ್ ಹೋಗೋದು, ಎರಡು ದಿನ ಡ್ರೈವರ್ (ನೆಟ್ ಪೋರ್ಟ್ ನಡೆಸೋ ಸಾಫ್ಟ್‌ವೇರ್) ಹಾಕಿ ತೆಗೆದು ಮಾಡಿದ್ಮೇಲೆ ಗೊತ್ತಾಯ್ತು. ರೂಟರ್‌ನಲ್ಲಿ ಬೇರೆ ಪೋರ್ಟ್‌ಗೆ ಹಾಕಿ, ಆಮೇಲೆ ಬೇರೆ ಕೇಬಲ್ ಹಾಕಿ, ಒಂದ್ಸಲಕ್ಕೆ ಒಂದೇ ಬದಲಾಯಿಸಿ, ಇಲ್ದಿದ್ರೆ ಯಾವುದರಿಂದ ಸರಿಹೋಯ್ತು ಅಂತ ಗೊತ್ತೇ ಆಗಲ್ಲ.

ನೆಟ್ ಬರುತ್ತೆ ಆದ್ರೆ ನಿಧಾನ ಅನ್ನೋರು ವಿಂಡೋಸ್‌ನಲ್ಲಿ ಲಿಂಕ್ ಸ್ಪೀಡ್ (ಕಂಪ್ಯೂಟರ್, ರೂಟರ್ ನಡುವಿನ ವೇಗ, Mbps ಲೆಕ್ಕದಲ್ಲಿ) ನೋಡಿ. ಎರಡೂ ಕಡೆ ಗಿಗಾಬಿಟ್ (ಅಂದ್ರೆ 1000 Mbps) ಪೋರ್ಟ್ ಇದ್ದೂ 1000 ಬದಲು 100 ತೋರಿಸಿದ್ರೆ ಕೇಬಲ್ ಮೇಲೇ ಅನುಮಾನ ಪಡಿ. ಒಳಗೆ 8 ತಂತಿ ಇರುತ್ತೆ, 100ಕ್ಕೆ 4 ಸಾಕು, ಗಿಗಾಬಿಟ್‌ಗೆ ಎಂಟೂ ಬೇಕು, ಒಂದು ತಂತಿ ಕಟ್ ಆದ್ರೂ ಕೆಲವೊಮ್ಮೆ ನೆಟ್ ಪೂರ್ತಿ ನಿಲ್ಲಲ್ಲ, ಸ್ಪೀಡ್ ಮಾತ್ರ ಬೀಳುತ್ತೆ, ಅದಕ್ಕೇ ಇದು ಬೇಗ ಗೊತ್ತಾಗಲ್ಲ. ಬಾಗಿಲ ಸಂದಿಯಲ್ಲಿ, ಕುರ್ಚಿ ಚಕ್ರದ ಕೆಳಗೆ ಸಿಕ್ಕಿದ ಕೇಬಲ್ ಇದ್ರೆ ಬದಲಾಯಿಸಿಬಿಡಿ.

ಲೈಟ್ ಸರಿಯಾಗಿ ಉರಿದೂ ನೆಟ್ ಇಲ್ಲ ಅಂದ್ರೆ ವಿಂಡೋಸ್‌ನ ಕಮಾಂಡ್ ಪ್ರಾಂಪ್ಟ್ (ಕಮಾಂಡ್ ಟೈಪ್ ಮಾಡೋ ಕಿಟಕಿ) ತೆಗೆದು ಐಪಿಕಾನ್ಫಿಗ್ (ipconfig) ಅಂತ ಟೈಪ್ ಮಾಡಿ ಎಂಟರ್ ಒತ್ತಿ. ಐಪಿ ಅಡ್ರೆಸ್ (ನೆಟ್‌ವರ್ಕ್‌ನಲ್ಲಿ ನಿಮ್ಮ ಕಂಪ್ಯೂಟರ್ ನಂಬರ್) 169.254 ಇಂದ ಶುರುವಾದ್ರೆ ರೂಟರ್ ಅಡ್ರೆಸ್ ಕೊಟ್ಟಿಲ್ಲ, ಕಂಪ್ಯೂಟರ್ ತಾನೇ ಒಂದು ಹಾಕ್ಕೊಂಡಿದೆ ಅಂತ ಅರ್ಥ, ರೂಟರ್ ಆಫ್ ಮಾಡಿ ಅರ್ಧ ನಿಮಿಷ ಬಿಟ್ಟು ಆನ್ ಮಾಡಿ. ಅಡ್ರೆಸ್ ಸರಿ ಇದ್ರೆ ಅಲ್ಲೇ ಕಾಣೋ ಡೀಫಾಲ್ಟ್ ಗೇಟ್‌ವೇ (ಅಂದ್ರೆ ನಿಮ್ಮ ರೂಟರ್) ನಂಬರ್‌ಗೆ ಪಿಂಗ್ ಮಾಡಿ, ಅಂದ್ರೆ ping ಅಂತ ಬರೆದು ಪಕ್ಕದಲ್ಲಿ ಆ ನಂಬರ್ ಹಾಕಿ ಉತ್ತರ ಬರುತ್ತಾ ನೋಡಿ, ಆಮೇಲೆ 8.8.8.8ಗೆ (ಇಂಟರ್ನೆಟ್‌ನಲ್ಲಿರೋ ಗೂಗಲ್ ಸರ್ವರ್). ಎರಡಕ್ಕೂ ಉತ್ತರ ಬಂದು ವೆಬ್‌ಸೈಟ್ ಮಾತ್ರ ತೆರೀತಿಲ್ಲ ಅಂದ್ರೆ ಡಿಎನ್ಎಸ್ (ವೆಬ್‌ಸೈಟ್ ಹೆಸರನ್ನ ಐಪಿ ನಂಬರ್‌ಗೆ ಬದಲಾಯಿಸೋ ಸರ್ವರ್) ಬದಲಾಯಿಸಿ ನೋಡಿ. ಗೇಟ್‌ವೇ ಉತ್ತರ ಕೊಟ್ಟು 8.8.8.8 ಕೊಡ್ಲಿಲ್ಲ ಅಂದ್ರೆ ಹೆಚ್ಚಾಗಿ ನಿಮ್ಮ ಕೇಬಲ್, ಕಂಪ್ಯೂಟರ್ ಎರಡೂ ಸರಿಯಿರುತ್ತೆ, ಇಂಟರ್ನೆಟ್ ಕೊಡೋರಿಗೆ ಫೋನ್ ಮಾಡಿ ಇದನ್ನೇ ಹೇಳಿ.