ಖಡಕಿ ಕದನ ಮೇಜಿನ ಮೇಲೆ: ಚದುರಿದವರ ಲೆಕ್ಕ

ಪುಣೆಯಲ್ಲಿ ನಾವು ಕೆಲವು ಕನ್ನಡಿಗರು ಸೇರಿ ಆಡುತ್ತಿರುವುದು ಮೂರನೇ ಆಂಗ್ಲೋ-ಮರಾಠಾ ಯುದ್ಧದ ಕ್ಯಾಂಪೇನ್, ಅಂದರೆ ಒಂದು ಕದನದ ಫಲ ಮುಂದಿನದಕ್ಕೆ ಸಾಗುವ ಯುದ್ಧದಾಟ. ನಕ್ಷೆಯ ಮೇಲೆ ದಿನಕ್ಕೊಂದು ನಡೆ. ಸೈನ್ಯಗಳು ಎದುರಾದರೆ ಪುಟ್ಟ ಸೈನಿಕ ಬೊಂಬೆಗಳಾದ ಮಿನಿಯೇಚರ್‌ಗಳು ಮೇಜಿಗೆ ಬರುತ್ತವೆ. ಮೊದಲ ಕದನ 1817ರ ನವೆಂಬರ್ 5ರ ಖಡಕಿ. ಬಿಡಿ ಆಟದಲ್ಲಿ ಗೆದ್ದವರು ಯಾರು ಎಂದು ತಿಳಿದರೆ ಸಾಕು. ಕ್ಯಾಂಪೇನಿಗೆ ಅದು ಸಾಲದು, ಮೇಜಿನಿಂದ ಎತ್ತಿಟ್ಟ ತುಕಡಿಗಳಲ್ಲಿ ನಾಳೆ ಎಷ್ಟು ಮರಳುತ್ತವೆ ಎಂಬುದು ಗೊತ್ತಾಗಬೇಕು.

ಬ್ರಿಟಿಷರ ಕರ್ನಲ್ ಬರ್ ಬಳಿ ಸುಮಾರು 2,800 ಜನ. ಪೇಶ್ವೆಯ ಸೇನಾಪತಿ ಬಾಪು ಗೋಖಲೆಯ ಕಡೆ ಸುಮಾರು 18,000 ಕುದುರೆ, 8,000 ಕಾಲಾಳು, 14 ತೋಪು. ಬೊಂಬೆಗಳನ್ನು ಅಂಟಿಸುವ ಪುಟ್ಟ ಹಲಗೆಯೇ ಬೇಸ್. ಎರಡೂ ಕಡೆಗೆ ಒಂದೇ ಅಳತೆ ಹಿಡಿದರೆ ಮರಾಠಾ ಬೇಸ್‌ಗಳಿಗೆ ಮೇಜು ಸಾಲುವುದಿಲ್ಲ. ಹಾಗಾಗಿ ಬ್ರಿಟಿಷರ ಬೇಸ್ ಒಂದಕ್ಕೆ 200 ಜನ, ಮರಾಠಾ ಕಾಲಾಳಿಗೆ 400, ಕುದುರೆಗೆ 500 ಎಂದು ಹಿಡಿಯುತ್ತೇನೆ. ಕ್ರಮವಾಗಿ 14, 20, 36 ಬೇಸ್ ಬರುತ್ತವೆ. ಎರಡು ತೋಪಿಗೆ ಒಂದು ಮಾದರಿ. 10 ಮಿ.ಮೀ. ಬೊಂಬೆಗಳು, 40×20 ಮಿ.ಮೀ. ಬೇಸ್, 6×4 ಅಡಿ ಮೇಜು. ಒಂದು ಇಂಚು 50 ಮೀಟರ್, ಒಂದು ಸರದಿ 15 ನಿಮಿಷ. ಸರದಿಗೆ ಕಾಲಾಳಿನ ನಡೆ 6 ಇಂಚು, ಕುದುರೆಯದು 12. ಕದನ ಶುರುವಾದದ್ದೇ ಇಳಿಹೊತ್ತಿಗೆ, ಆದ್ದರಿಂದ ಎಂಟು ಸರದಿಗೆ ಕತ್ತಲು. ಈ ಮಿತಿ ತೆಗೆದರೆ ಮರಾಠಾ ಆಟಗಾರ ಆತುರಪಡುವ ಕಾರಣವೇ ಇರುವುದಿಲ್ಲ.

ಕದನದ ತಿರುವು ಬ್ರಿಟಿಷರ ಎಡಬದಿಯ ಮುಂದಿದ್ದ ಜೌಗು. ಪೇಶ್ವೆಯ ಕಡೆಯ ಡಿ ಪಿಂಟೋನ ಪಡೆಯನ್ನು ಬೆನ್ನಟ್ಟಿದ ಬ್ರಿಟಿಷರ ಸಿಪಾಯಿ ಪಲ್ಟನ್ನು ಸಾಲಿನಿಂದ ಮುಂದೆ ಹೋಯಿತು. ಅದರ ಮೇಲೆ ನುಗ್ಗಿದ ಮರಾಠಾ ಕುದುರೆ ಜೌಗಿನಲ್ಲಿ ಸಿಕ್ಕಿಕೊಂಡಿತು. ಮರಾಠರ ಬಾವುಟವಾದ ಜರಿ ಪಟಕಾ ಹಿಡಿದಿದ್ದ ಮೋರ್ ದೀಕ್ಷಿತ್ ಸತ್ತರು. ಇತಿಹಾಸ ಓದಿದ ಯಾವ ಆಟಗಾರನೂ ಅಲ್ಲಿಗೆ ಕುದುರೆ ಬಿಡುವುದಿಲ್ಲ. ಅದಕ್ಕೇ ಮೂರು ಚೀಟಿಗಳನ್ನು ಮಗುಚಿ ಬೇರೆ ಬೇರೆ ಕಡೆ ಇಡಬೇಕು. ಒಂದರಲ್ಲಿ ಮಾತ್ರ ಜೌಗು. ಯಾವುದೆಂದು ಅಂಪೈರ್‌ಗಷ್ಟೇ ಗೊತ್ತಿರಬೇಕು. ಬೇಸ್ 4 ಇಂಚು ಹತ್ತಿರ ಬಂದಾಗ ಚೀಟಿ ತಿರುಗಿಸಿ. ಜೌಗಾದರೆ ನಡೆ 3 ಇಂಚಿಗೆ ಇಳಿಯುತ್ತದೆ, ಆ ಸರದಿಯಲ್ಲಿ ದಾಳಿಯಿಲ್ಲ.

ಜೌಗಿನ ತುಣುಕಿಗೆ 3 ಮಿ.ಮೀ. ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಸಾಕು. ಅಂಕುಡೊಂಕಾಗಿ ಕತ್ತರಿಸಿ, ಅಂಚನ್ನು ಮರಳು ಕಾಗದದಿಂದ ಇಳಿಜಾರು ಮಾಡಿ, ಫೆವಿಕಾಲ್ ಬಳಿದು ಜರಡಿ ಹಿಡಿದ ಮರಳು ಉದುರಿಸಿ. ಮೇಲೆ ಕಪ್ಪುಗಂದು ಬಣ್ಣ, ನೀರು ನಿಂತ ಕಡೆ ಮಾತ್ರ ಹೊಳಪಿನ ವಾರ್ನಿಷ್ ಮೂರು ತೆಳು ಲೇಪ. ತೆಂಗಿನ ನಾರನ್ನು ಗುಚ್ಛವಾಗಿ ಅಂಟಿಸಿದರೆ ಜೊಂಡು. ಪ್ರೈಮರ್ ಎರಡೂ ಬದಿಗೆ ಹಚ್ಚಲೇಬೇಕು. ಒಂದೇ ಬದಿ ಹಚ್ಚಿದರೆ ಹಲಗೆ ಸೊಟ್ಟಗಾಗುತ್ತದೆ. ಪುಣೆಯ ಮಳೆಗಾಲದಲ್ಲಿ ಸ್ಪ್ರೇ ವಾರ್ನಿಷ್ ಬೇಡ, ತೇವಕ್ಕೆ ಬೆಳ್ಳಗೆ ಮಂಕಾಗುತ್ತದೆ. ಕುಂಚವೇ ವಾಸಿ.

ಇನ್ನು ನಷ್ಟದ ಲೆಕ್ಕ, ನನಗೆ ಇದೇ ಮುಖ್ಯ. ಬ್ರಿಟಿಷರ ಕಡೆ ಸತ್ತವರು, ಗಾಯಗೊಂಡವರು ಸೇರಿ 86. ಮರಾಠರ ಕಡೆ ಸುಮಾರು 500. ಅಂದರೆ ಇಡೀ ಕದನದಲ್ಲಿ ಮರಾಠರು ಕಳೆದುಕೊಂಡದ್ದು ನಮ್ಮ ಲೆಕ್ಕದ ಒಂದೇ ಕುದುರೆ ಬೇಸ್! ಮೇಜಿನಿಂದ ಹತ್ತು ಬೇಸ್ ಎತ್ತಿ ಅವೆಲ್ಲ ಸತ್ತವೆಂದು ಬರೆದರೆ ಎರಡನೇ ಕದನಕ್ಕೆ ಕ್ಯಾಂಪೇನ್ ಮುಗಿದುಹೋಗುತ್ತದೆ. ಎತ್ತಿದವರು ಬಹುಪಾಲು ಚದುರಿದವರು. ಅವರಿಗೆ ಬೇರೆ ತಟ್ಟೆ ಇಟ್ಟು, ಕತ್ತಲಾದ ಮೇಲೆ ಬೇಸ್‌ಗೊಂದು ದಾಳ ಹಾಕುತ್ತೇನೆ. 1 ಬಿದ್ದರೆ ಹೋದಂತೆ, 2-3ಕ್ಕೆ ಎರಡು ದಿನ ಬಿಟ್ಟು ವಾಪಸ್, 4 ಅಥವಾ ಮೇಲೆ ಬಿದ್ದರೆ ಮರುದಿನ ಬೆಳಿಗ್ಗೆಯೇ. ಜರಿ ಪಟಕಾ ಬಿದ್ದಿದ್ದರೆ ಮರಾಠರ ದಾಳದಿಂದ ಒಂದು ಕಳೆಯಬೇಕು. ರಣರಂಗ ಬಿಟ್ಟುಕೊಟ್ಟವರ ತೋಪಿಗೆ ದಾಳವಿಲ್ಲ, ಅದು ಹೋಯಿತು.

ಸಿರೂರಿನ ಕಡೆಯಿಂದ ಬ್ರಿಟಿಷರ ಜನರಲ್ ಸ್ಮಿತ್ ಪುಣೆ ತಲುಪಿದ್ದು 13ರಂದು. ನಮ್ಮ ನಕ್ಷೆಯಲ್ಲಿ 12ರಿಂದ ದಿನಾ ಸಂಜೆ ದಾಳ, 4 ಅಥವಾ ಮೇಲೆ ಬಿದ್ದರೆ ಅವನು ಬಂದ. ಹೀಗಾಗಿ ಖಡಕಿಯಲ್ಲಿ ಸೋತ ಗೋಖಲೆಯ ಕೈಯಲ್ಲೂ ದೊಡ್ಡ ಸೈನ್ಯ ಉಳಿದಿರುತ್ತದೆ, ಒಂದು ವಾರದ ಹೊತ್ತೂ ಇರುತ್ತದೆ. ಚದುರಿದವರಿಗೆ ಕಾದು ಯೆರವಡಾ ಹತ್ತಿರ ಸ್ಮಿತ್ ಹೊಳೆ ದಾಟುವ ಜಾಗಕ್ಕೆ ಅಡ್ಡ ನಿಲ್ಲಬೇಕೇ, ಪೇಶ್ವೆಯನ್ನು ಕರೆದುಕೊಂಡು ಸಾತಾರಾ ದಾರಿ ಹಿಡಿಯಬೇಕೇ ಎಂದು ಆಟಗಾರ ತಟ್ಟೆ ನೋಡಿ ತೀರ್ಮಾನಿಸುತ್ತಾನೆ.